ತರಬೇತಿ ಮುಗಿದ ಮೇಲೆ ಏನಾಯಿತು?

ಮಾನ್ಯರೇ,

‘ಅಭಿವೃದ್ಧಿಶೀಲ ದೇಶಗಳಲ್ಲಿ ಕೃಷಿ ನಾವೀನ್ಯ ಮತ್ತು ಕೌಶಲ’ ಎಂಬ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಐದನೆಯ ಪುಟದಲ್ಲಿ, ಶಿರಸಿ ಸೀಮೆಯ ಕೊನೆಗೌಡರಿಗೆ, ಅಂದರೆ ಅಡಕೆ ಮರವೇರಿ ಕೊಯ್ಲು ಮಾಡುವ, ಔಷಧ ಹೊಡೆಯುವ ಕೆಲಸಗಾರರಿಗೆ, ನೆಲದಲ್ಲೇ ನಿಂತು ಆ ಕೆಲಸ ಮಾಡುವ ಕಾರ್ಬನ್ ಫೈಬರ್ ದೋಟಿಯ (ಉದ್ದನೆಯ ಹಗುರ ಕೋಲಿನ) ತರಬೇತಿ ಕೊಟ್ಟ ಸಂಗತಿಯನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿಬಿಟ್ಟಿದ್ದೀರಲ್ಲ, ಆ ಎರಡು ವಾಕ್ಯಗಳಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಜಿ-20 ದೇಶಗಳ ಉಪಕ್ರಮವಾಗಿ 2012ರಲ್ಲಿ ಉಷ್ಣವಲಯದ ಕೃಷಿ ವೇದಿಕೆ ಆರಂಭವಾದದ್ದು, ಕೃಷಿ ನಾವೀನ್ಯಕ್ಕೆ ಬೇಕಾದ ಸಾಮರ್ಥ್ಯ ಬೆಳೆಸಲು ಅದು ರೂಪಿಸಿದ ಚೌಕಟ್ಟನ್ನು ಅಂಗೋಲಾ, ಇಥಿಯೋಪಿಯಾ, ರುವಾಂಡಾ ಮೊದಲಾದ ಎಂಟು ದೇಶಗಳಲ್ಲಿ ಪ್ರಯೋಗಿಸಿದ್ದು, ನೀವು ಬರೆದ ಇದೆಲ್ಲ ಸರಿಯೇ. ಆದರೆ ಅಲ್ಲಿನ ಒಬ್ಬ ರೈತನಾದರೂ ಯಾವ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡತೊಡಗಿದ ಎಂಬುದು ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇಲ್ಲ. ವ್ಯಕ್ತಿಗೆ ಕಲಿಸಿದರಷ್ಟೇ ಸಾಲದು, ಅವನ ಸಂಸ್ಥೆಯೂ ಸುತ್ತಲಿನ ನೀತಿನಿಯಮಗಳೂ ಜೊತೆಗೇ ಬದಲಾಗಬೇಕು ಎಂಬ ಆ ಚೌಕಟ್ಟಿನ ಮುಖ್ಯ ಮಾತನ್ನೂ ನೀವು ಕೈಬಿಟ್ಟಿದ್ದೀರಿ.

ಇಂಡೋನೇಷ್ಯಾದ ಉದಾಹರಣೆ ನಿಮಗೆ ಹೆಚ್ಚು ಒದಗೀತು. ಭತ್ತದ ರಸ ಹೀರುವ ಕಂದು ಜಿಗಿಹುಳುವಿನ ಹಾವಳಿಯಿಂದ ಕಂಗೆಟ್ಟ ಅಲ್ಲಿನ ಸರ್ಕಾರ, ಔಷಧಗಳು ಆ ಹುಳುವನ್ನು ತಿನ್ನುವ ಜೀವಿಗಳನ್ನೇ ಕೊಲ್ಲುತ್ತಿವೆ ಎಂದು ಕಂಡು, 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಲ್ಲಿ ರೈತ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಸುಮಾರು 25 ಮಂದಿ ವಾರಕ್ಕೊಮ್ಮೆ ಗದ್ದೆಗಿಳಿದು, ಹುಳುಗಳನ್ನೂ ಅವನ್ನು ತಿನ್ನುವ ಜೇಡಗಳನ್ನೂ ಗಮನಿಸಿ, ಕಂಡದ್ದನ್ನು ಚಿತ್ರ ಬರೆದು ಚರ್ಚಿಸಿ, ಔಷಧ ಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಿದ್ದರು. ನಿಷೇಧದ ಜೊತೆಗೆ ಪಾಠವೂ ಸೇರಿತು ಎಂಬುದನ್ನು ಗಮನಿಸಿ.

ಇದೇ ಕಣ್ಣಿನಿಂದ ದೋಟಿಯನ್ನು ನೋಡಿ. ಮಳೆಗಾಲದಲ್ಲಿ ಅಡಕೆಗೆ ತಗಲುವ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಬಾಯಿಪಾಠ. ಸುಣ್ಣ ಹಳತಾಗಿದ್ದರೆ ಆ ಲೆಕ್ಕ ಕೈಕೊಡುತ್ತದೆ. ಅದ್ದಿದ ಕತ್ತಿಯ ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ ಹಾಕಬೇಕೆಂದು ಅನುಭವಸ್ಥರು ಬಲ್ಲರು. ಮರವೇರಿದ ಕೊನೆಗೌಡನಿಗೆ ಅಡಕೆ ಕೊನೆ, ಅಂದರೆ ಗೊಂಚಲು, ಕೈಯಳತೆಯಲ್ಲಿರುತ್ತಿತ್ತು. ನೆಲದ ಮೇಲೆ ನಿಂತು ದೋಟಿ ಹಿಡಿದವನು, ಕೊನೆಯ ಒಳಮೈ ನೆನೆಯಿತೋ ಇಲ್ಲವೋ ಎಂದು ಹೇಗೆ ತಿಳಿಯುತ್ತಾನೆ? ಅದನ್ನು ಅವನಿಗೆ ಯಾರಾದರೂ ಕಲಿಸಿದರೇ, ಅಥವಾ ಅವನೇ ಕಂಡುಕೊಂಡನೇ? ದೋಟಿ ಯಾರದು, ತೋಟದ ಯಜಮಾನರದೋ, ಸಹಕಾರಿ ಸಂಘದ್ದೋ, ಅವನದೇ ಸಾಲದ್ದೋ? ಮಳೆಗಾಲದ ನಡುವೆ ಅದು ಮುರಿದರೆ ರಿಪೇರಿ ಎಲ್ಲಿ? ಮರವೇರದಿದ್ದರೂ ಅವನಿಗೆ ಮೊದಲಿನ ಕೂಲಿಯೇ ಸಿಗುತ್ತಿದೆಯೇ? ತರಬೇತಿ ಪಡೆದವರ ಸಂಖ್ಯೆಯಿಂದ ಇವುಗಳಲ್ಲಿ ಯಾವುದೂ ತಿಳಿಯುವುದಿಲ್ಲ.

ಆದ್ದರಿಂದ ಮೊದಲ ನಾಲ್ಕು ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ, ಉಳಿದದ್ದನ್ನು ತೋಟದಿಂದಲೇ ಬರೆಯಿರಿ. ಎರಡನೆಯ ಸಿಂಪಡಣೆಯ ಹೊತ್ತಿಗೆ ಹೋದರೆ ಒಳ್ಳೆಯದು, ಅಷ್ಟರಲ್ಲಿ ಮೊದಲನೆಯದರ ಫಲ ಕಣ್ಣಿಗೆ ಕಾಣುತ್ತಿರುತ್ತದೆ. ತೋಟದ ಯಜಮಾನರ ಜೊತೆಗಷ್ಟೇ ಅಲ್ಲ, ಕೊನೆಗೌಡರ ಜೊತೆಗೂ ಮಾತಾಡಿ. ಪ್ರಮಾಣಪತ್ರ ವಿತರಣೆಯ ಫೋಟೊ ಮಾತ್ರ ದಯವಿಟ್ಟು ಕಳಿಸಬೇಡಿ, ನಮ್ಮಲ್ಲಿ ಅವು ಈಗಾಗಲೇ ರಾಶಿ ಬಿದ್ದಿವೆ. ಹೊಸ ಪ್ರತಿ ದೀಪಾವಳಿಯೊಳಗೆ ಕೈಸೇರಿದರೆ ಮುಂದಿನ ಸಂಚಿಕೆಗೆ ಪರಿಶೀಲಿಸುತ್ತೇನೆ.

ಇತಿ,
ಸಂಪಾದಕ