ಬ್ಯಾಂಡಿನವರ ಪಕ್ಕ ನಿಂತು ಕೇಳಿ

ಅಷ್ಟಮಿ, ಚೌತಿ, ಕ್ರೈಸ್ತರ ಮೊಂತಿ ಫೆಸ್ತ್, ದಸರಾ ಎಲ್ಲ ಒಂದರ ಬೆನ್ನಿಗೆ ಒಂದು ಬರುವ ಹೊತ್ತು ಇದು. ಈ ಸಲದ ಪತ್ರಗಳಲ್ಲೂ ಅದೇ ಗದ್ದಲ. ಹುಲಿವೇಷಕ್ಕೆ ಎಲ್ಲಿ ನಿಲ್ಲಲಿ, ಯಾವ ಸಿನಿಮಾ ನೋಡಲಿ, ಮದುವೆಗೆ ಯಾವ ವಾದ್ಯ ಹೇಳಲಿ ಅಂತ. ಉಡುಪಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು ನಾನು. ಗಿರಾಕಿ ಕೇಳಿದ್ದನ್ನು ಕೊಡದೆ, 'ಅದು ಬೇಡ, ಇದು ತಗೊಳ್ಳಿ' ಅನ್ನುವ ಚಾಳಿ ಅಂಗಡಿ ಮುಚ್ಚಿದ ಮೇಲೂ ಹೋಗಿಲ್ಲ. ಉತ್ತರದಲ್ಲಿ ಸ್ವಲ್ಪ ಹಠ ಕಂಡರೆ ಸಹಿಸಿಕೊಳ್ಳಿ.

ಪ್ರಶ್ನೆ: ಮಾಮ, ಆಫೀಸಿನ ನಾಲ್ಕು ಮಂದಿಯನ್ನು ಊರಿಗೆ ಕರ್ಕೊಂಡು ಬರಬೇಕು ಅಂತಿದ್ದೇನೆ. ಅವರಿಗೆ ಹುಲಿವೇಷ ನೋಡಬೇಕಂತೆ. ಉಡುಪಿಯ ಅಷ್ಟಮಿಯೋ, ಮಂಗಳೂರಿನ ದಸರಾವೋ?
– ಮಣಿಪಾಲದ ಹುಡುಗ, ಈಗ ಬೆಂಗಳೂರು

ಉತ್ತರ: ಮೊದಲು ತಾರೀಕು ನೋಡಿಕೊಳ್ಳಿ ಮಾರಾಯ್ರೆ. ಕೃಷ್ಣಮಠದ ಅಷ್ಟಮಿ ಸೌರಮಾನದ ಲೆಕ್ಕದ್ದು. ಕೆಲವು ವರ್ಷ ಬೆಂಗಳೂರಿನಲ್ಲಿ ಅಷ್ಟಮಿ ಮುಗಿದು ತಿಂಗಳಾದ ಮೇಲೆ ಉಡುಪಿಯಲ್ಲಿ ಬರುತ್ತದೆ. 2025ರಲ್ಲಿ ಹಾಗೇ ಆಯಿತು. ಅಲ್ಲಿ ಆಗಸ್ಟ್ ನಡುವೆ, ಇಲ್ಲಿ ಸೆಪ್ಟೆಂಬರ್ ನಡುವೆ. ಆಫೀಸಿನ ರಜೆ ಪಟ್ಟಿ ನೋಡಿ ಬಸ್ ಬುಕ್ ಮಾಡಿದರೆ ಖಾಲಿ ರಥಬೀದಿ ನೋಡಿ ವಾಪಸ್ ಹೋಗಬೇಕಾದೀತು.

ಅಷ್ಟಮಿ ದಿನವೇ ಹುಲಿಗಳು ಊರೆಲ್ಲ ತಿರುಗುತ್ತವೆ. ಆದರೆ ಗಮ್ಮತ್ತು ಇರುವುದು ಮಾರನೆಯ ದಿನದ ವಿಟ್ಲಪಿಂಡಿಯಲ್ಲಿ. ರಥಬೀದಿಯ ಗುರ್ಜಿ ಅನ್ನುವ ಮರದ ಚೌಕಟ್ಟುಗಳಿಗೆ ಮಡಕೆ ಕಟ್ಟಿರುತ್ತಾರೆ. ಗೊಲ್ಲರ ವೇಷದವರು ಅವನ್ನು ಒಡೆಯುತ್ತಾ ಬರುತ್ತಾರೆ. ಮಣ್ಣಿನ ಕೃಷ್ಣ ಚಿನ್ನದ ರಥದಲ್ಲಿ ಬಂದು ಮಧ್ವ ಸರೋವರ ಸೇರುತ್ತಾನೆ. ಇದೆಲ್ಲ ಹಗಲಿನಲ್ಲೇ ಮುಗಿಯುವುದರಿಂದ ರಾತ್ರಿ ಬಸ್ಸು ಹಿಡಿಯುವವರಿಗೆ ಅನುಕೂಲ. ನಿದ್ದೆ ಬಿಡುವ ತಾಕತ್ತು ಇದ್ದರೆ ಮಂಗಳೂರಿಗೆ ಹೋಗಿ. ನವರಾತ್ರಿಯಲ್ಲಿ ಮಂಗಳಾದೇವಿ ಬದಿಯಲ್ಲಿ ಹುಲಿಗಳು ಸಿಗುತ್ತವೆ. ವಿಜಯದಶಮಿಯ ಸಂಜೆ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಿಂದ ಹೊರಡುವ ಮೆರವಣಿಗೆ ಮಣ್ಣಗುಡ್ಡ, ಲೇಡಿಹಿಲ್, ಲಾಲ್‌ಬಾಗ್, ಹಂಪನಕಟ್ಟೆ, ಕಾರ್ ಸ್ಟ್ರೀಟ್ ಎಲ್ಲ ಸುತ್ತಿ ವಾಪಸ್ ಬರುವಾಗ ಬೆಳಗಾಗುತ್ತದೆ.

ಎಲ್ಲಿಗೇ ಹೋಗಿ, ಹುಲಿಯ ಎದುರು ಮೊಬೈಲ್ ಹಿಡಿದು ನಿಲ್ಲಬೇಡಿ. ತಾಸೆಯವನ ಪಕ್ಕ ನಿಲ್ಲಿ. ತಾಸೆ ಅಂದರೆ ಕುತ್ತಿಗೆಗೆ ನೇತು ಹಾಕಿಕೊಳ್ಳುವ ಆಳವಿಲ್ಲದ ಚರ್ಮವಾದ್ಯ, ಎರಡು ತೆಳು ಕಡ್ಡಿಯಲ್ಲಿ ಬಾರಿಸುವುದು. ಚರ್ಮದ್ದಾದರೆ ನಡುನಡುವೆ ಕಾಗದಕ್ಕೆ ಬೆಂಕಿ ಕೊಟ್ಟು ಕಾಯಿಸುತ್ತಾರೆ. ಮಳೆ ಹನಿ ತಾಗಿ ಚರ್ಮ ಸಡಿಲ ಬಿದ್ದರೆ ಅದರ ಚುರುಕು ನಾದ ಹೋಗಿ ಬರೀ ಡಬ್ ಡಬ್ ಉಳಿಯುತ್ತದೆ. ಅದಕ್ಕೇ ಈಗ ಫೈಬರ್ ತಾಸೆ ಜಾಸ್ತಿ. ಮಳೆಗೆ ಅದೇ ಸರಿ, ಆದರೆ ನನ್ನ ಕಿವಿಗೆ ಚರ್ಮದ್ದೇ ಬೇಕು. ಡೋಲಿನವನು ನಡೆ ಹಿಡಿದುಕೊಂಡಿರುತ್ತಾನೆ. ತಾಸೆಯವನ ಕಣ್ಣು ಮಾತ್ರ ಹುಲಿಯ ಕಾಲು ಬಿಟ್ಟು ಕದಲುವುದಿಲ್ಲ. ಹುಲಿ ಅಕ್ಕಿ ಮುಡಿಯನ್ನು, ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆಯನ್ನು, ಹಲ್ಲಲ್ಲಿ ಕಚ್ಚಿ ಎತ್ತುವ ಮುಂಚೆ ಪೆಟ್ಟು ಸಣ್ಣದಾಗಿ, ಒತ್ತೊತ್ತಾಗಿ ಬೀಳುತ್ತದೆ. ಮುಡಿ ತಲೆಯ ಮೇಲಿಂದ ಹಾರಿ ಹಿಂದೆ ಬಿತ್ತೋ, ಡೋಲು, ತಾಸೆ ಒಟ್ಟಿಗೆ ಸಿಡಿಯುತ್ತವೆ. ಆ ಕ್ಷಣ ವಿಡಿಯೋದಲ್ಲಿ ಸಿಗುವುದಿಲ್ಲ.

ಸಾಧ್ಯವಾದರೆ ಯಾವುದಾದರೂ ತಂಡ ಬಣ್ಣ ಹಚ್ಚುವ ಮುಂಚೆ ಮಾಡುವ ಊದು ಪೂಜೆಗೂ ಹೋಗಿ. ಆಮೇಲೆ ಬಣ್ಣ ಹಚ್ಚುವಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಬಣ್ಣ ಒಣಗಲಿ ಅಂತ ಕೈ ಅಗಲಿಸಿ, ಕೋಲು ಹಿಡಿದು ಗಂಟೆಗಟ್ಟಲೆ ನಿಂತ ಹುಡುಗರನ್ನು ನೋಡಿದ ಮೇಲೆ ನಿಮ್ಮ ಆಫೀಸಿನವರು 'ಸುಮ್ನೆ ಕುಣಿಯೋದು ಅಲ್ವಾ' ಅನ್ನಲಿಕ್ಕಿಲ್ಲ.

ಪ್ರಶ್ನೆ: ಕಾಂತಾರ ಎರಡೂ ನೋಡಿ ಆಯಿತು. ಕರಾವಳಿಯ ಬೇರೆ ಯಾವ ಸಿನಿಮಾ ನೋಡಬಹುದು? ಮನೆಯಲ್ಲಿ ಎಂಟು ವರ್ಷದ ಮಗಳಿದ್ದಾಳೆ.
– ದಾವಣಗೆರೆಯಿಂದ ಸುರತ್ಕಲ್‌ಗೆ ಬಂದ ಸೊಸೆ

ಉತ್ತರ: ಮಗಳ ಜೊತೆ ಕೂತು ನೋಡಲು 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' (2018). ಕಾಂತಾರ ಮಾಡಿದ ರಿಷಬ್ ಶೆಟ್ಟಿಯವರದೇ. ಮುಚ್ಚಲು ಹೊರಟ ಕನ್ನಡ ಶಾಲೆಯ ಮಕ್ಕಳ ಕಥೆ, ಮಕ್ಕಳ ಸಿನಿಮಾ ಅಂತ ರಾಷ್ಟ್ರ ಪ್ರಶಸ್ತಿಯೂ ಬಂದಿದೆ. ಅನಂತ್ ನಾಗ್ ಬಂದ ಮೇಲೆ ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ ನಗುತ್ತಾರೆ. ಮನೆಮಂದಿ ಎಲ್ಲ ಸೇರಿ ಹೊಟ್ಟೆ ಹಿಡಿದು ನಗಬೇಕಾದರೆ 2025ರ 'ಸು ಫ್ರಮ್ ಸೋ'. ಊರಿನ ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಗುಲ್ಲಾಗಿ, ಅದರ ಹಿಂದೆ ಇಡೀ ಊರು ಓಡುತ್ತದೆ. ದಾವಣಗೆರೆಯವರಿಗೆ ಮೊದಲ ಹತ್ತು ನಿಮಿಷ ನಮ್ಮ ಕನ್ನಡ ಕಿವಿಗೆ ಕೂರಲಿಕ್ಕಿಲ್ಲ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮಗಳು ಮಲಗಿದ ಮೇಲೆ 'ಉಳಿದವರು ಕಂಡಂತೆ' ಹಾಕಿ. 2014ರಲ್ಲಿ ರಕ್ಷಿತ್ ಶೆಟ್ಟಿ ಮಾಡಿದ್ದು. ನಡೆದದ್ದು ಒಂದೇ, ಹೇಳುವವರು ಬೇರೆ ಬೇರೆ. ಥಿಯೇಟರಿನಲ್ಲಿದ್ದಾಗ ಜನ ಅಷ್ಟಾಗಿ ಬರಲಿಲ್ಲ, ಆಮೇಲೆ ತಲೆ ಮೇಲೆ ಹೊತ್ತುಕೊಂಡರು. ಮಲ್ಪೆಯ ಮೀನಿನ ದಕ್ಕೆ, ಅಷ್ಟಮಿಯ ಹುಲಿ ಎರಡೂ ಅದರಲ್ಲಿ ಸುಮ್ಮನೆ ಅಲಂಕಾರಕ್ಕೆ ಬಂದದ್ದಲ್ಲ. 'ಗರುಡ ಗಮನ ವೃಷಭ ವಾಹನ' (2021) ಮಂಗಳಾದೇವಿ ಬದಿಯ ಕಥೆ. ರಕ್ತಪಾತ ಜಾಸ್ತಿ, ಮಕ್ಕಳಿಗೆ ಬೇಡವೇ ಬೇಡ. ಆದರೆ ಅದರಲ್ಲಿ ರಾಜ್ ಬಿ. ಶೆಟ್ಟಿ ಮಳೆಯಲ್ಲಿ ಹುಲಿಹೆಜ್ಜೆ ಹಾಕುವುದು ನೋಡಿದರೆ ಬೆನ್ನು ಹುರಿ ತಣ್ಣಗಾಗುತ್ತದೆ.

ತುಳು ಸಿನಿಮಾ ಅಂದರೆ ಬರೀ ಹಾಸ್ಯ ಅಂದುಕೊಂಡವರು 'ಪಡ್ಡಾಯಿ' (2018) ನೋಡಬೇಕು. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಕಥೆಯನ್ನು ಅಭಯ ಸಿಂಹ ನಮ್ಮ ಮೀನುಗಾರರ ನಡುವೆ ತಂದಿಟ್ಟಿದ್ದಾರೆ. ಇನ್ನು 'ಚೋಮನ ದುಡಿ'. 1975ರದ್ದು, ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಆ ವರ್ಷದ ಸ್ವರ್ಣ ಕಮಲ ಅದಕ್ಕೇ, ಚೋಮನಾದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ. ದುಡಿ ಅಂದರೆ ಕೈಯಲ್ಲಿ ಬಾರಿಸುವ ಚರ್ಮವಾದ್ಯ. ಚೋಮನಿಗೆ ಸಿಟ್ಟು ಬಂದರೂ ದುಡಿ, ಸಂಕಟ ಬಂದರೂ ದುಡಿ. ಫೋನಿನ ಸ್ಪೀಕರಿನಲ್ಲಿ ನೋಡಬೇಡಿ, ಆ ಪೆಟ್ಟು ಕೇಳುವುದೇ ಇಲ್ಲ.

ಪ್ರಶ್ನೆ: ಕಾರಿಗೆ ಒಳ್ಳೆಯ ಸ್ಪೀಕರ್ ಯಾವುದು ಹಾಕಿಸಲಿ?
– ಪಡುಬಿದ್ರಿ

ಉತ್ತರ: ಅಂಗಡಿ ಮುಚ್ಚಿದ್ದೇನೆ ಅಂದೆನಲ್ಲ. ಕಾರಿನ ಕಿಟಕಿ ಮುಚ್ಚಿಕೊಂಡು ಕೇಳಿ, ಅಷ್ಟು ಸಾಕು.

ಪ್ರಶ್ನೆ: ಮಗಳ ಮದುವೆಗೆ ಸ್ಯಾಕ್ಸೋಫೋನ್ ಹೇಳಬೇಕು ಅಂತ ನಮ್ಮವರು. ಅತ್ತೆಯವರು ನಾಗಸ್ವರವೇ ಆಗಬೇಕು, ಅದು ಇಂಗ್ಲಿಷ್ ಬ್ಯಾಂಡಿನ ವಾದ್ಯ ಅಂತಾರೆ. ಏನು ಮಾಡುವುದು?
– ಬಂಟ್ವಾಳದ ಓದುಗರು

ಉತ್ತರ: ಬಂಟ್ವಾಳದವರೇ ಇದನ್ನು ಕೇಳಿದ್ದೀರಲ್ಲ! ಕದ್ರಿ ಗೋಪಾಲನಾಥ್ ಹುಟ್ಟಿದ್ದು ನಿಮ್ಮ ತಾಲೂಕಿನ ಸಜಿಪಮೂಡದಲ್ಲಿ, 1949ರಲ್ಲಿ. ತಂದೆ ನಾಗಸ್ವರ ವಿದ್ವಾಂಸರು. ಹುಡುಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೇ ಮರುಳಾದರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಹತ್ತಿರ ಪಾಠ. ನಾಗಸ್ವರದಲ್ಲಿ ಬೆರಳು ರಂಧ್ರದ ಮೇಲೇ ಇರುತ್ತದೆ, ಸ್ವರ ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ. ಅದರಲ್ಲಿ ತುಟಿ, ಉಸಿರು ಹಿಡಿದು ಗಮಕ ಹೊರಡಿಸಬೇಕು. ಅದನ್ನೇ ಅವರು ಸಾಧಿಸಿದ್ದು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿ, ಅದೇ ವರ್ಷ ತಮಿಳಿನ 'ಡ್ಯೂಯೆಟ್' ಸಿನಿಮಾದ ಸ್ಯಾಕ್ಸೋಫೋನ್, 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಈಗ ನಮ್ಮ ಕಡೆ ದೇವಸ್ಥಾನದ ಉತ್ಸವಕ್ಕೂ ಸ್ಯಾಕ್ಸೋಫೋನ್ ಬರುತ್ತದೆ. ಅತ್ತೆಯವರಿಗೆ ವಿದುಷಿ ಎ. ಕನ್ಯಾಕುಮಾರಿ ಅವರ ಪಿಟೀಲಿನ ಜೊತೆ ಅವರು ನುಡಿಸಿದ ಒಂದು ಕಛೇರಿ ಕೇಳಿಸಿ. ವಾದ ಮಾಡಲು ಹೋಗಬೇಡಿ, ಪಕ್ಕದಲ್ಲಿಟ್ಟು ಅಡುಗೆಮನೆಗೆ ಹೋಗಿ.

ತಂಡ ಗೊತ್ತು ಮಾಡುವಾಗ ಇಷ್ಟು ಕೇಳಿ. ಡೋಲು, ತಾಳ, ಶ್ರುತಿಪೆಟ್ಟಿಗೆ ಇದೆಯಾ? ಇದ್ದರೆ ಸಾಕು, ರಿದಮ್ ಪ್ಯಾಡ್ ಬೇಡ ಅನ್ನಿ. ಧಾರೆ ಮುಗಿಯುವವರೆಗೆ ಕೀರ್ತನೆ, ದೇವರನಾಮ, ಊಟದ ಹೊತ್ತಿಗೆ ಸಿನಿಮಾ ಹಾಡು. ಇದನ್ನು ಮೊದಲೇ ಹೇಳದಿದ್ದರೆ ಧಾರೆ ಎರೆಯುವಾಗಲೇ ಐಟಂ ಸಾಂಗು ಬಂದುಬಿಡುತ್ತದೆ. ನಮ್ಮ ನೆಂಟರ ಮದುವೆಯೊಂದರಲ್ಲಿ ಬಂದೇ ಬಂತು, ಪುರೋಹಿತರು ಮಂತ್ರ ನಿಲ್ಲಿಸಿ ತಂಡದ ಕಡೆ ತಿರುಗಿ ನೋಡಿದರು. ಸಣ್ಣ ಹಾಲಾದರೆ ಮೈಕೂ ಬೇಡ, ಆ ವಾದ್ಯಕ್ಕೆ ಸ್ವಂತ ಗಂಟಲೇ ಸಾಕಷ್ಟಿದೆ.

ಪ್ರಶ್ನೆ: ನನ್ನ ಮಗ ಸದಾ ಜಾಝ್ ಕೇಳುತ್ತಾನೆ. ನಮ್ಮ ಸಂಗೀತ ಅಂದರೆ ಮುಖ ಸಿಂಡರಿಸುತ್ತಾನೆ.
– ಕಂಕನಾಡಿ

ಉತ್ತರ: ಬೈಯಬೇಡಿ. ಮೇಲೆ ಹೇಳಿದ ಕದ್ರಿಯವರೇ ನಿಮಗೆ ಸಹಾಯಕ್ಕೆ ಬರುತ್ತಾರೆ. ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ 2008ರಲ್ಲಿ 'ಕಿನ್ಸ್‌ಮೆನ್' ಅನ್ನುವ ಆಲ್ಬಮ್ ಬಂದಿದೆ. ಕೊಳಲಿನ ಜೇಮ್ಸ್ ನ್ಯೂಟನ್ ಜೊತೆ 'ಸದರ್ನ್ ಬ್ರದರ್ಸ್' ಅಂತ ಇನ್ನೊಂದು. ಹೆಸರು ಹೇಳದೆ ಹಾಕಿ ನೋಡಿ.

ಪ್ರಶ್ನೆ: ಮಂಗಳೂರಿನ ಕೊಂಕಣಿ ಗೆಳತಿಯ ರೋಸ್‌ಗೆ ಕರೆದಿದ್ದಾರೆ. ಬ್ಯಾಂಡ್ ಇರುತ್ತದಂತೆ. ನಾನು ಇದುವರೆಗೆ ಹೋಗಿಲ್ಲ. ಏನೇನು ನೋಡಬೇಕು, ಕೇಳಬೇಕು?
– ಬ್ರಹ್ಮಾವರದ ಹುಡುಗಿ

ಉತ್ತರ: ಮೊದಲನೆಯದಾಗಿ ರೇಷ್ಮೆ ಸೀರೆ ಉಟ್ಟು ಮುಂದೆ ನಿಲ್ಲಬೇಡಿ. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ, ಎರೆಯುವ ಶಾಸ್ತ್ರ ಅದು. ಗೆಳತಿಯರ ಸರದಿ ಬರುವಾಗ ಹಾಲು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗದು.

ಹಿರಿಯ ಹೆಂಗಸರು ಹೇಳುವ ವೊವಿಯೊ ಹಾಡುಗಳಿಗೆ ಕಿವಿ ಕೊಡಿ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಸೇರುತ್ತಾರೆ. ಭಾಷೆ ಗೊತ್ತಿಲ್ಲದಿದ್ದರೂ ಕಣ್ಣು ಒದ್ದೆಯಾಗುತ್ತದೆ. ಆಮೇಲೆ ಬ್ರಾಸ್ ಬ್ಯಾಂಡ್ ಶುರುವಾದರೆ ಕೂರಲು ಯಾರೂ ಬಿಡುವುದಿಲ್ಲ. ಅದೃಷ್ಟ ಇದ್ದರೆ ಗುಮಟೆಯೂ ಇರಬಹುದು. ಮಣ್ಣಿನ ಕೊಡ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ಖಾಲಿ. ಬಲಗೈ ಬಾರಿಸುತ್ತಿದ್ದರೆ ಎಡಗೈ ಹಿಂದಿನ ಬಾಯಿ ಮುಚ್ಚಿ ತೆರೆದು ನಾದವನ್ನು ಉಬ್ಬಿಸುತ್ತದೆ, ಇಳಿಸುತ್ತದೆ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು, ಈಗ ಅದು ಕಾನೂನಿಗೆ ವಿರುದ್ಧ, ಮೇಕೆಯ ಚರ್ಮ ಬಂದಿದೆ. ಹೋಗುವ ಮುಂಚೆ 'ಕೊಂಕಣ್ ಕೋಗುಳ್' (ಕೊಂಕಣದ ಕೋಗಿಲೆ) ಅಂತ ಹೆಸರಾದ ಗಾಯಕ ವಿಲ್ಫಿ ರೆಬಿಂಬಸ್ ಅವರ ಹಾಡು ನಾಲ್ಕಾರು ಕೇಳಿಕೊಳ್ಳಿ. ನನ್ನ ಅಂಗಡಿಯಲ್ಲಿ ಅವರ ಕ್ಯಾಸೆಟ್ ಕೊಂಕಣಿ ಬಾರದವರೂ ಕೊಳ್ಳುತ್ತಿದ್ದರು. ರುಚಿ ಹತ್ತಿದರೆ ಶಕ್ತಿನಗರದ ಕಲಾಂಗಣಕ್ಕೆ ಹೋಗಿ, ಮಾಂಡ್ ಸೊಭಾಣ್ ಅನ್ನುವ ಕೊಂಕಣಿ ಸಂಸ್ಥೆಯವರು ತಿಂಗಳ ಮೊದಲ ಭಾನುವಾರ ಅಲ್ಲಿ ಕಾರ್ಯಕ್ರಮ ಮಾಡುತ್ತಾರೆ.

ಪ್ರಶ್ನೆ: ನಮ್ಮ ಯುವಕ ಮಂಡಲದ ಗಣೇಶನ ಮೆರವಣಿಗೆಗೆ ನಾಸಿಕ್ ಬ್ಯಾಂಡ್, ಚೆಂಡೆ, ತಾಸೆ ಮೂರೂ ಬೇಕು ಅಂತ ಹುಡುಗರ ಹಠ. ಮೇಲೆ ಡಿಜೆ ಬೇರೆ.
– ಕಾಪು ಕಡೆಯ ಕಾರ್ಯದರ್ಶಿ

ಉತ್ತರ: ಮೂರಕ್ಕೂ ಹಣ ಕೊಟ್ಟು ಒಂದನ್ನೂ ಕೇಳದ ಹಾಗೆ ಮಾಡಿಕೊಳ್ಳಬೇಡಿ. ನಮ್ಮ ಅಗಲ ಕಿರಿದಾದ ಪೇಟೆ ರಸ್ತೆಯಲ್ಲಿ ನಾಸಿಕ್ ಬ್ಯಾಂಡಿನ ದೊಡ್ಡ ಡೋಲುಗಳ ಹಿಂದೆ ತಾಸೆ ಸತ್ತೇ ಹೋಗುತ್ತದೆ. ಹುಲಿ ಇದ್ದರೆ ತಾಸೆ ಹೇಳಿ. ಹುಲಿ ಇಲ್ಲದಿದ್ದರೆ ಚೆಂಡೆ ಸಾಕು. ಕೇರಳ ಶೈಲಿಯ ಶಿಂಗಾರಿ ಮೇಳ ಈಗ ನಮ್ಮ ಹೆಣ್ಣುಮಕ್ಕಳ ತಂಡಗಳೂ ಚೆನ್ನಾಗಿ ಬಾರಿಸುತ್ತವೆ. ಎರಡು ತಂಡ ಬೇಕೇ ಬೇಕು ಅಂದರೆ ನಡುವೆ ಭಜನೆಯವರನ್ನು ಹಾಕಿ ಅಂತರ ಇಡಿ.

ಡಿಜೆ ಲಾರಿ ಬಗ್ಗೆ ನನ್ನನ್ನು ಕೇಳಬೇಡಿ, ಕೇಳಿದಿರಿ, ಹೇಳುತ್ತೇನೆ: ಬೇಡ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ನೇ ಇಸವಿಯ ನಿಯಮವೇ ಇದೆ, ಆಸ್ಪತ್ರೆಯ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಪೊಲೀಸರು ಬಂದು ವೈರ್ ಕಿತ್ತರೆ ಕಾರ್ಯದರ್ಶಿಯನ್ನೇ ಕರೆಯುತ್ತಾರೆ, ಹುಡುಗರನ್ನಲ್ಲ. ಬಾರಿಸುವವರಿಗೆ ನಡುವೆ ಚಾ, ಅವಲಕ್ಕಿ ಕೊಡಲು ಮರೆಯಬೇಡಿ. ಕೊನೆಯ ಅರ್ಧ ಗಂಟೆಯ ಪೆಟ್ಟು ಬರುವುದು ಅದರಿಂದಲೇ.

ಪ್ರಶ್ನೆ: ಮಗನಿಗೆ ಯಕ್ಷಗಾನ ತೋರಿಸಬೇಕು ಅಂತ ಆಸೆ. ಹನ್ನೊಂದು ವರ್ಷ. ಕೂತರೆ ಹತ್ತೇ ನಿಮಿಷದಲ್ಲಿ ಫೋನ್ ಕೇಳುತ್ತಾನೆ. ಎಲ್ಲಿಂದ ಶುರು ಮಾಡಲಿ?
– ಕಟಪಾಡಿಯ ತಾಯಿ

ಉತ್ತರ: 'ದೇವೀ ಮಹಾತ್ಮೆ'ಯಿಂದ. ಕಟೀಲು ಮೇಳದ ಹರಕೆಯಾಟ ನಿಮ್ಮ ಸುತ್ತಮುತ್ತ ಎಲ್ಲಾದರೂ ಆಗಿಯೇ ಆಗುತ್ತದೆ. ಮಗನನ್ನು ಸಂಜೆ ಮಲಗಿಸಿ, ಮಹಿಷಾಸುರ ಬರುವ ಹೊತ್ತಿಗೆ ಎಬ್ಬಿಸಿಕೊಂಡು ಹೋಗಿ. ಅವನು ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ಬೆನ್ನ ಹಿಂದಿನಿಂದ, ದೊಂದಿ ಹಿಡಿದವರ ನಡುವೆ ಬರುತ್ತಾನೆ. ರಾಳದ ಹುಡಿ ಎರಚಿದಾಗ ಬೆಂಕಿ ಭಗ್ ಅಂತ ಮೇಲೆದ್ದು ಕೋಡು ಕಾಣುತ್ತದೆ, ಮತ್ತೆ ಕತ್ತಲೆ. ಆಗ ಯಾವ ಹುಡುಗನೂ ಫೋನ್ ಕೇಳುವುದಿಲ್ಲ. ಚೆಂಡೆಯವರ ಕೈ ಕಾಣುವ ಬದಿಯಲ್ಲೇ ಜಾಗ ಹಿಡಿಯಿರಿ.

ಆದರೆ ಅದಕ್ಕೆ ದೀಪಾವಳಿ ಕಳೆಯಬೇಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಳಗಳು ಹೊರಡುವುದು ಆಮೇಲೆಯೇ. ಅಲ್ಲಿಯವರೆಗೆ ಚಿಕ್ಕಮೇಳವನ್ನು ಮನೆಗೆ ಬರಹೇಳಿ. ಮಳೆಗಾಲದಲ್ಲಿ ಸಂಜೆ ಹೊತ್ತು ಮನೆ ಮನೆಗೆ ಬರುತ್ತಾರೆ. ಭಾಗವತರು, ಚೆಂಡೆ, ಮದ್ದಳೆ, ಎರಡು ವೇಷ. ಕಾಲು ಗಂಟೆಯ ಆಟ. ಹಿಂದಿನ ದಿನ ಚೀಟಿ ಕೊಟ್ಟೋ ಫೋನ್ ಮಾಡಿಯೋ ತಿಳಿಸುತ್ತಾರೆ. ದೀಪ ಹಚ್ಚಿ, ಅಕ್ಕಿ, ತೆಂಗಿನಕಾಯಿ ಇಟ್ಟು, ಚಾವಡಿಯ ಕುರ್ಚಿಗಳನ್ನು ಆಚೆ ಸರಿಸಿ. ಮಗನನ್ನು ಮದ್ದಳೆಯವರ ಹತ್ತಿರ ನೆಲದಲ್ಲಿ ಕೂರಿಸಿ. ವೇಷ ಹಾಕಿದವರು ಹೊರಡುವ ಮುಂಚೆ ಒಂದು ಲೋಟ ನೀರು ಕೇಳಿದರೆ ಅವನ ಕೈಯಲ್ಲೇ ಕೊಡಿಸಿ, ಬಣ್ಣದ ಮುಖ ಹತ್ತಿರದಿಂದ ಕಾಣುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಹಿತ್ತಿಲಲ್ಲಿ ಕಟ್ಟಿಬಿಡಿ. ನಮ್ಮ ಪಕ್ಕದ ಮನೆಯದು ಚೆಂಡೆಯ ಮೊದಲ ಪೆಟ್ಟಿಗೇ ಭಾಗವತರಿಗಿಂತ ಎತ್ತರದ ಶ್ರುತಿಯಲ್ಲಿ ಪದ ಹೇಳಲು ಶುರು ಮಾಡುತ್ತದೆ.