ನಮ್ಮದು ಹದಿಮೂರು ಗೆಳೆಯರ ಕ್ರಿಕೆಟ್ ತಂಡ. ಕಡಿಮೆ ಖರ್ಚಿನಲ್ಲಿ ಯಾವ ದ್ವೀಪಕ್ಕೆ ಟೂರ್ ಹೋಗಬಹುದು?

ಅಂಡಮಾನ್, ಲಕ್ಷದ್ವೀಪ, ಶ್ರೀಲಂಕಾ ಮೂರನ್ನೂ ನೋಡಿ ಖರ್ಚಿಗೆ ಹಿಂಜರಿದು ಬಿಟ್ಟೆವು ಅಂತ ಬರೆದಿದ್ದೀರಿ. ನಮ್ಮದೂ ಅದೇ ಕಥೆ ಆಗಿತ್ತು. ನಾನು ಮಂಡ್ಯದವನು. ನಮ್ಮ ತಂಡದಲ್ಲೂ ಹದಿಮೂರು ಜನ. ಒಬ್ಬರು ಪಿ.ಟಿ. ಮೇಷ್ಟ್ರು, ಇಬ್ಬರು ಆಟೋ ಓಡಿಸುತ್ತಾರೆ, ಒಬ್ಬನದು ಗೊಬ್ಬರದ ಅಂಗಡಿ, ಮಿಕ್ಕವರು ಅಲ್ಲಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಹಾರ್ಡ್ ಟೆನಿಸ್ ಬಾಲಿನಲ್ಲಿ ಆಡುತ್ತೇವೆ. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಅಂಡಮಾನ್‌ಗೆ ವಿಮಾನ ಇಲ್ಲವೇ ಹಡಗು ಬೇಕು. ಟಿಕೆಟ್ ದರ ನೋಡಿದ ದಿನವೇ ಅರ್ಧ ತಂಡ ಸುಮ್ಮನಾಯಿತು.

ದಾರಿ ತೋರಿಸಿದ್ದು ನಮ್ಮ ಕೀಪರ್‌ನ ಅಜ್ಜಿ. ಅವರ ಮನೆ ಜಗಲಿಯಲ್ಲಿ ಕೂತು ಇದನ್ನೇ ಮಾತಾಡುತ್ತಿದ್ದೆವು. ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡ ಅಜ್ಜಿ ಹೇಳಿದರು: "ದ್ವೀಪ ದ್ವೀಪ ಅಂತ ಯಾಕ್ಲಾ ಒದ್ದಾಡ್ತೀರಿ? ಕಾವೇರಮ್ಮ ಮೂರು ಮಾಡವ್ಳಲ್ಲ. ಮೂರ್ರಲ್ಲೂ ರಂಗನಾಥ ಮನಿಕ್ಕೊಂಡವ್ನೆ."

ಆದಿರಂಗ ಅಂದರೆ ಶ್ರೀರಂಗಪಟ್ಟಣ. ಮಧ್ಯರಂಗ ಶಿವನಸಮುದ್ರ. ಅಂತ್ಯರಂಗ ತಮಿಳುನಾಡಿನ ತಿರುಚ್ಚಿ ಪಕ್ಕದ ಶ್ರೀರಂಗಂ. ಮೂರೂ ಕಾವೇರಿ ಕವಲೊಡೆದು ಸುತ್ತುವರಿದ ದ್ವೀಪಗಳೇ. ಒಂದೇ ದಿನದಲ್ಲಿ ಮೂರೂ ರಂಗರ ದರ್ಶನ ಮಾಡಿದರೆ ಪುಣ್ಯ ಅಂತ ನಂಬಿಕೆ ಇದೆ. ಬೆಳಗಿನ ಜಾವವೇ ಗಾಡಿ ಮಾಡಿಕೊಂಡು ಹೊರಡುವವರೂ ಇದ್ದಾರೆ. ನಾವು ಮೂರು ದಿನ ಇಟ್ಟುಕೊಂಡೆವು. ದ್ವೀಪಕ್ಕೊಂದು ಮ್ಯಾಚು.

ನಿಮಗೂ ಇದನ್ನೇ ಹೇಳುತ್ತೇನೆ. ಸಮುದ್ರ ದಾಟಲೇಬೇಕು ಅಂತೇನಿಲ್ಲ, ಹೊಳೆ ದಾಟಿದರೂ ಅದು ದ್ವೀಪವೇ ಅಲ್ವಾ?

ಹೊರಡುವ ಮೊದಲು ಒಂದು ಮಾತು ಮಾಡಿಕೊಂಡೆವು. ಯಾವ ದ್ವೀಪಕ್ಕೆ ಹೋಗುತ್ತೇವೋ ಅಲ್ಲಿನ ಹುಡುಗರ ರೂಲ್ಸ್‌ನಲ್ಲೇ ಆಡಬೇಕು, ತಕರಾರು ತೆಗೆಯಬಾರದು. ಈ ಟೂರ್ ಚೆನ್ನಾಗಿ ಆಗಿದ್ದು ಇದೊಂದರಿಂದ ಅಂತ ನನಗೆ ಈಗಲೂ ಅನಿಸುತ್ತದೆ. ನಮ್ಮ ರೂಲ್ಸ್ ಹೊತ್ತುಕೊಂಡು ಹೋದರೆ ಬರೀ ಮೈದಾನ ಬದಲಾಗುತ್ತದೆ, ಆಟ ಅದೇ ಇರುತ್ತದೆ. ಇನ್ನೊಂದು ಕೆಲಸವನ್ನೂ ಮಾಡಿದೆವು. ಟಿ-ಶರ್ಟಿನ ಬೆನ್ನಿಗೆ ನಂಬರ್ ಹಾಕಿಸದೆ ಅವರವರ ಊರಿನ ಹೆಸರು ಹಾಕಿಸಿದೆವು. ಕೆರಗೋಡು, ಬಸರಾಳು, ದುದ್ದ, ಕೊಪ್ಪ, ಹೀಗೆ. ದರ್ಜಿ ಎರಡೆರಡು ಸಲ ಕೇಳಿ ಬರೆದುಕೊಂಡರು.

ಶ್ರೀರಂಗಪಟ್ಟಣ ನಮಗೆ ಎಷ್ಟು ಹತ್ತಿರ ಅಂದರೆ ಅದು ದ್ವೀಪ ಅನ್ನುವುದೇ ಮರೆತುಹೋಗಿರುತ್ತದೆ. ರೈಲಿನಲ್ಲಿ ಮೈಸೂರಿಗೆ ಹೋಗುವಾಗ ಗಮನಿಸಿ. ಒಂದು ಸೇತುವೆ ಬರುತ್ತದೆ, ಆಮೇಲೆ ಸ್ಟೇಷನ್ನು, ಆಮೇಲೆ ಇನ್ನೊಂದು ಸೇತುವೆ. ಆ ಎರಡು ಸೇತುವೆಗಳ ನಡುವೆ ಇರುವುದೇ ದ್ವೀಪ. ಗಂಜಾಂ ಕಡೆ ತೋಟದ ಪಕ್ಕದ ಒಂದು ಬಯಲನ್ನು ಅಲ್ಲಿನ ಹುಡುಗರೇ ಗೊತ್ತುಮಾಡಿದ್ದರು. ಬೆಳಿಗ್ಗೆ ಏಳಕ್ಕೆ ಟಾಸ್. ಅವರ ರೂಲ್ ಒಂದೇ: ಬಾಲು ಕಬ್ಬಿನ ಗದ್ದೆಗೆ ಬಿದ್ದರೆ ಔಟ್, ಮತ್ತು ಹುಡುಕಲು ಒಬ್ಬನೇ ಹೋಗಬೇಕು. ಹತ್ತು ಜನ ನುಗ್ಗಿದರೆ ಬೆಳೆ ಹಾಳು. ಹಾವಿನ ಭಯ ಬೇರೆ. ರೈತರ ಮಕ್ಕಳು ಮಾಡಿದ ರೂಲ್ ಅದು. ನಾವೂ ಕಬ್ಬಿನ ಸೀಮೆಯವರೇ, ತಕ್ಷಣ ಒಪ್ಪಿಕೊಂಡೆವು. ಹತ್ತು ಓವರಿನ ಮ್ಯಾಚಿನಲ್ಲಿ ಹದಿಮೂರು ರನ್‌ನಿಂದ ಸೋತೆವು.

ಮ್ಯಾಚ್ ಮುಗಿಸಿ ಟಿಪ್ಪುವಿನ ಬೇಸಿಗೆ ಅರಮನೆ, 1784ರ ದರಿಯಾ ದೌಲತ್ ನೋಡಿದೆವು. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗದ ಹತ್ತಿರ ಸ್ವಲ್ಪ ಹೊತ್ತು ನಿಂತೆವು. ಆಮೇಲೆ ದ್ವೀಪದ ಪೂರ್ವದ ತುದಿಯ ಸಂಗಮಕ್ಕೆ ಹೋದೆವು. ಎರಡು ಕವಲು ಅಲ್ಲಿ ಮತ್ತೆ ಒಂದಾಗುತ್ತವೆ. ನೀವು ಹೋದರೆ ಎರಡು ವಿಷಯ ನೆನಪಿಡಿ. ಸ್ಮಾರಕಗಳ ಆಸುಪಾಸಿನ ಹುಲ್ಲು ಎಷ್ಟೇ ಚೆನ್ನಾಗಿ ಕಂಡರೂ ಅಲ್ಲಿ ಬ್ಯಾಟ್ ತೆಗೆಯಬೇಡಿ. ಬಾಲು ಹೊಳೆಗೆ ಹೋದರೆ ಹೋಯಿತು ಅಂದುಕೊಳ್ಳಿ. ಆ ಭಾಗದ ಕಾವೇರಿಯಲ್ಲಿ ಮೊಸಳೆ ಇವೆ.

ಮಾರನೆಯ ದಿನ ಟಿ.ಟಿ. (ಟೆಂಪೋ ಟ್ರಾವೆಲರ್) ಗಾಡಿ ಮಾಡಿಕೊಂಡು ಮಳವಳ್ಳಿ ಮೇಲೆ ಶಿವನಸಮುದ್ರ. ಅಲ್ಲಿ ಎದುರಾಳಿ ತಂಡಕ್ಕೆ ಒಂಬತ್ತೇ ಜನ. ನಮ್ಮವರಲ್ಲಿ ಇಬ್ಬರನ್ನು ಅವರಿಗೆ ಕೊಟ್ಟೆವು. ಅದರಲ್ಲಿ ಒಬ್ಬ ನಮ್ಮ ಓಪನರ್, ಬೆನ್ನ ಮೇಲೆ ದುದ್ದ ಅಂತ ಇದ್ದವನು. ಬಸರಾಳು ಶರ್ಟಿನವನು ಹಾಕಿದ ಮೊದಲ ಓವರಿನಲ್ಲೇ ಅವನು ಮೂರು ಬೌಂಡರಿ ಹೊಡೆದ. ಅಲ್ಲಿ ಸಿಕ್ಸರ್ ಹೊಡೆದರೆ ಔಟ್, ಯಾಕೆಂದರೆ ಬಾಲಿಗೆ ದುಡ್ಡು ಅವರೇ ಹೊಂದಿಸಬೇಕು. ಎಲ್ಲರೂ ನೆಲದ ಮೇಲೇ ಹೊಡೆದರು. ಮೇಷ್ಟ್ರು ಹತ್ತು ವರ್ಷದಿಂದ ನಮಗೆ ಹೇಳುತ್ತಿದ್ದುದೂ ಅದನ್ನೇ. ನಾವು ಗೆದ್ದಿದ್ದು ಇದೊಂದೇ ಮ್ಯಾಚು.

ಶಿವನಸಮುದ್ರ ಅಂದರೆ ಎಲ್ಲರಿಗೂ ಗಗನಚುಕ್ಕಿ, ಭರಚುಕ್ಕಿ ಜಲಪಾತ. ನನಗೆ ಮನಸ್ಸು ತುಂಬಿದ್ದು ಇನ್ನೊಂದು ಸಂಗತಿ. 1902ರಲ್ಲಿ ಇಲ್ಲಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿಗೆ ಬೆಳಕು ಬಂದಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ನಮ್ಮ ಜೊತೆ ಆಡಿದ ಒಬ್ಬ ಹುಡುಗ ಇದನ್ನೆಲ್ಲ ಪಾಠ ಒಪ್ಪಿಸಿದ ಹಾಗೆ ಹೇಳಿದ. ಅವನ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತು ಅಂದರೆ, ತಂತಿ ಎಳೆದವನು ತಾನೇ ಅನ್ನುವ ಹಾಗೆ. ಅಲ್ಲಿ ಯಾರೂ ನೀರಿಗೆ ಇಳಿಯಬೇಡಿ. ಬಂಡೆ ಜಾರುತ್ತದೆ, ಸುಳಿ ಕಣ್ಣಿಗೆ ಕಾಣುವುದಿಲ್ಲ. ಇದನ್ನು ತಂಡದವರಿಗೆಲ್ಲ ಗಾಡಿ ಹತ್ತುವ ಮೊದಲೇ ಹೇಳಿ.

ಅವತ್ತು ಸಂಜೆ ಮಂಡ್ಯಕ್ಕೆ ವಾಪಸ್ ಬಂದು, ಮೈಸೂರಿನಿಂದ ಮಯಿಲಾಡುತುರೈ ಕಡೆ ಹೋಗುವ ರೈಲು ಹತ್ತಿದೆವು. ಸ್ಲೀಪರ್ ಸಾಕು. ಅದು ಬೆಂಗಳೂರು, ಸೇಲಂ, ಈರೋಡ್ ಮೇಲೆ ರಾತ್ರಿಯೆಲ್ಲ ಓಡಿ ಬೆಳಗಿನ ಹೊತ್ತಿಗೆ ತಿರುಚ್ಚಿ ಮುಟ್ಟಿಸುತ್ತದೆ. ಒಂದು ಚೀಲದ ತುಂಬ ಮದ್ದೂರು ವಡೆ, ಇನ್ನೊಂದರಲ್ಲಿ ಅಚ್ಚು ಬೆಲ್ಲ ಕಟ್ಟಿಕೊಂಡಿದ್ದೆವು. ಎರಡೂ ಅಲ್ಲಿನವರಿಗೆ. ವಡೆ ಅರ್ಧ ರೈಲಿನಲ್ಲೇ ಖಾಲಿ ಆಯಿತು.

ಸ್ವಲ್ಪ ಅಳುಕು ಇತ್ತು ಅಂತ ಬಿಚ್ಚಿ ಹೇಳುತ್ತೇನೆ. ನಾವು ಮಂಡ್ಯದವರು. ಕಾವೇರಿ ನೀರಿನ ವಿಷಯದಲ್ಲಿ ರಸ್ತೆಯಲ್ಲಿ ಕೂತವರ ಮಕ್ಕಳು ನಾವು. ಬೆನ್ನ ಮೇಲೆ ಕನ್ನಡದಲ್ಲಿ ಊರ ಹೆಸರು ಬರೆಸಿಕೊಂಡು ತಮಿಳುನಾಡಿನ ಕಾವೇರಿ ದಂಡೆಗೆ ಹೋಗುತ್ತಿದ್ದೇವೆ. "ಮೇಲೊಂದು ಬೇರೆ ಶರ್ಟ್ ಹಾಕ್ಕೊಳ್ಳೋಣ್ವಾ ಮಗಾ?" ಅಂತ ಒಬ್ಬ ಕೇಳಿದ. ಬೇಡ ಅಂದೆವು.

ಮೇಷ್ಟ್ರ ಭಾವಮೈದ ತಿರುಚ್ಚಿಯಲ್ಲಿ ವೆಲ್ಡರ್. ಅವರೇ ಶ್ರೀರಂಗಂ ಹುಡುಗರ ಒಂದು ತಂಡಕ್ಕೆ ಹೇಳಿಟ್ಟಿದ್ದರು. ದ್ವೀಪದ ಒಂದು ಪಕ್ಕ ಕಾವೇರಿ, ಇನ್ನೊಂದು ಪಕ್ಕ ಅದರದೇ ಕವಲು ಕೊಳ್ಳಿಡಂ. ಮೆಟ್ಟೂರು ಅಣೆಕಟ್ಟೆಯಿಂದ ಗದ್ದೆಗಳಿಗೆ ನೀರು ಬಿಡುವುದು ವಾಡಿಕೆಯಂತೆ ಜೂನ್ 12ರಿಂದ ಜನವರಿ 28ರವರೆಗೆ. ನಾವು ಹೋಗಿದ್ದು ಫೆಬ್ರವರಿ. ಕೊಳ್ಳಿಡಂ ಅಗಲಕ್ಕೂ ಮರಳು, ಒಂದು ಅಂಚಿನಲ್ಲಿ ಮಾತ್ರ ತೆಳ್ಳಗೆ ನೀರು. ಮೈದಾನ ಅಂದರೆ ಆ ಮರಳೇ.

ಅವರು ಪಿಚ್ ಮಾಡುವುದನ್ನು ನೋಡಬೇಕಿತ್ತು ನೀವು. ಇಬ್ಬರು ಹುಡುಗರು ಮೊಣಕಾಲೂರಿ ಕೂತು ಕೈಯಲ್ಲೇ ಮರಳು ತೋಡಿದರು. ಮೊಣಕೈ ಆಳಕ್ಕೆ ಹೋಗುವ ಹೊತ್ತಿಗೆ ತಳದಲ್ಲಿ ಮರಳು ಕಪ್ಪಾಯಿತು, ಆಮೇಲೆ ನೀರು ಜಿನುಗಿತು. ನಮ್ಮ ಕಡೆ ಒರತೆ ಅಂತೀವಲ್ಲ, ಅದೇ. ಆ ನೀರನ್ನು ಪ್ಲಾಸ್ಟಿಕ್ ಬಿಂದಿಗೆಯಲ್ಲಿ ಮೊಗೆದು ಮೊಗೆದು ಇಪ್ಪತ್ತೆರಡು ಗಜದ ಉದ್ದಕ್ಕೂ ಚಿಮುಕಿಸಿದರು. ನಾಲ್ಕು ಜನ ಸಾಲಾಗಿ ನಿಂತು ಹಳೆಯ ಬ್ಯಾಟಿನ ಬೆನ್ನಿನಿಂದ ತಟ್ಟುತ್ತಾ ಹಿಂದಕ್ಕೆ ಹಿಂದಕ್ಕೆ ಹೋದರು. ಟಪ್ ಟಪ್ ಅಂತ ಒಂದೇ ತಾಳ. ಅರ್ಧ ಗಂಟೆಗೆ ಗಟ್ಟಿ ಪಟ್ಟಿ ರೆಡಿ. ನೆರಳಿಲ್ಲದ ಜಾಗ, ಐದು ಓವರಿಗೊಮ್ಮೆ ಮತ್ತೆ ನೀರು ಹಾಕಬೇಕು. ಬ್ಯಾಟಿಂಗ್ ತಂಡವೇ ಹಾಕಬೇಕು ಅನ್ನುವುದು ಅವರ ರೂಲ್. ನಮ್ಮ ಗೊಬ್ಬರದಂಗಡಿಯವನು ಬಿಂದಿಗೆ ಇಸಿದುಕೊಂಡು ಮೂರು ಸಲ ತಾನೇ ಹಾಕಿದ.

ಆ ಪಟ್ಟಿ ಬಿಟ್ಟು ಹೊರಗೆ ಬಿದ್ದರೆ ಬಾಲು ಸತ್ತಹಾಗೆ, ಬಿದ್ದಲ್ಲೇ ಕೂರುತ್ತದೆ. ಮರಳಿನಲ್ಲಿ ಎರಡು ರನ್ ಓಡಿದರೆ ತೊಡೆ ಬಿಗಿಯುತ್ತದೆ. ಅವರು ಬರಿಗಾಲಲ್ಲಿ ಹಕ್ಕಿ ಹಾಗೆ ಓಡುತ್ತಿದ್ದರು. ನಾವೂ ಶೂ ಬಿಚ್ಚಿದೆವು. ಇಪ್ಪತ್ತಾರು ರನ್‌ನಿಂದ ಸೋತೆವು. ಅಷ್ಟು ಖುಷಿಯಾಗಿ ನಾವು ಯಾವ ಮ್ಯಾಚನ್ನೂ ಆಡಿಲ್ಲ.

ಬೆನ್ನ ಮೇಲಿನ ಊರುಗಳ ಹೆಸರೇ ಅಲ್ಲಿ ಮಾತಿಗೆ ದಾರಿ ಮಾಡಿತು. ಇದೇನು ಬರೆದಿದೆ, ಅದೇನು ಬರೆದಿದೆ ಅಂತ ಒಬ್ಬೊಬ್ಬರದೂ ಓದಿಸಿದರು. ಆಮೇಲೆ ಫೀಲ್ಡಿಂಗ್ ಮಾಡುವಾಗ "ಬಸರಾಳು ಅಣ್ಣಾ!" ಅಂತ ಕೂಗುತ್ತಿದ್ದರು. ಮರಳ ಅಂಚಿನಲ್ಲಿ ಟವೆಲ್ ತಲೆಗೆ ಹಾಕಿಕೊಂಡು ಒಬ್ಬ ಹಿರಿಯ ರೈತರು ಆಟ ನೋಡುತ್ತಿದ್ದರು. ನೀರು ಕುಡಿಯಲು ಹೋದಾಗ ಎಲ್ಲಿಯವರು ಅಂತ ಕೇಳಿದರು. ಮಂಡ್ಯ ಅಂದೆವು, ಗೊತ್ತಾಗಲಿಲ್ಲ. ಕೆ.ಆರ್.ಎಸ್. ಹತ್ತಿರ ಅಂದೆವು. ಅವರು ಎದ್ದು ಕೂತರು. ಮೊದಲ ಪ್ರಶ್ನೆಯೇ, "ಎತ್ತನೆ ಅಡಿ?"

ಎಷ್ಟು ಅಡಿ ಇದೆ ಅಂತ. ಅದಕ್ಕೆ ಅನುವಾದವೇ ಬೇಕಾಗಲಿಲ್ಲ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಪೇಪರ್ ಬಂದಾಗ ಮೊದಲು ನೋಡುವುದೂ ಅದನ್ನೇ ಅಲ್ವಾ? ತುಂಬಿದರೆ ಕೆ.ಆರ್.ಎಸ್. 124.80 ಅಡಿ. ಮಂಡ್ಯದ ಮಕ್ಕಳಿಗೆ ಮಗ್ಗಿ ತಪ್ಪಿದರೂ ಈ ಲೆಕ್ಕ ತಪ್ಪುವುದಿಲ್ಲ. ಅವರಿಗೆ ಮೆಟ್ಟೂರಿನ 120 ಅಡಿ ಹಾಗೆಯೇ. ನಮ್ಮ ಬೌಲರ್ ಮೊಬೈಲ್ ತೆಗೆದು ಅವತ್ತಿನ ಕೆ.ಆರ್.ಎಸ್. ಮಟ್ಟ ಹೇಳಿದ. ಅವರು ಮೊಬೈಲ್ ನೋಡದೆ ಮೆಟ್ಟೂರಿನದು ಹೇಳಿದರು. ಎರಡನ್ನೂ ಕೇಳಿ ಒಂದು ಸಲ ತಲೆ ಅಲ್ಲಾಡಿಸಿ, "ಪರವಾಯಿಲ್ಲೆ" ಅಂದರು. ಆಮೇಲೆ ಮಾತು ಭತ್ತದ ಕಡೆ, ಕಬ್ಬಿನ ರೇಟಿನ ಕಡೆ ಹೋಯಿತು. ನೀರಿನ ಜಗಳ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಬರಗಾಲದಲ್ಲಿ ಅದು ಇಬ್ಬರಿಗೂ ಹೊಟ್ಟೆಯ ಪ್ರಶ್ನೆ. ಆದರೆ ಒಂದೇ ಹೊಳೆಯ ಅಡಿಯನ್ನು ಎರಡು ಕಡೆ ಎಣಿಸುವವರು ಎದುರುಬದುರು ಕೂತಿದ್ದು ನನಗೆ ಅದೇ ಮೊದಲು.

ಮಧ್ಯಾಹ್ನ ಸ್ನಾನ ಮಾಡಿ ಸಂಜೆ ದೇವಸ್ಥಾನಕ್ಕೆ ಹೋದೆವು. ರಾಜಗೋಪುರ 236 ಅಡಿ ಎತ್ತರ, ಹದಿಮೂರು ಅಂತಸ್ತು. ಅದು ಪೂರ್ತಿಯಾಗಿದ್ದು 1987ರಲ್ಲಿ. ಏಳು ಪ್ರಾಕಾರ. ಹೊರಗಿನ ಪ್ರಾಕಾರಗಳಲ್ಲಿ ಮನೆ, ಅಂಗಡಿ, ಇಡೀ ಊರೇ ಇದೆ. ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ಒಬ್ಬ ಅಜ್ಜನಿಗೂ ಮಂಡ್ಯ ಗೊತ್ತಾಗಲಿಲ್ಲ. ಮೈಸೂರು ಪಕ್ಕ ಅಂದಾಗ, "ಜಾವಗಲ್ ಶ್ರೀನಾಥ್ ಊರು" ಅಂದರು. ಕೀಪರ್ ಸುಮ್ನೆ ಮೇಲುಕೋಟೆ ಅಂತ ಹೇಳಿ ನೋಡಿದ. "ತಿರುನಾರಾಯಣಪುರಂ!" ಅಂದವರೇ ಅವನ ಎರಡೂ ಕೈ ಹಿಡಿದುಕೊಂಡರು. ಮೇಲುಕೋಟೆಗೇ ಇನ್ನೊಂದು ಹೆಸರು ಅದು. ಶ್ರೀರಂಗದ ರಾಮಾನುಜಾಚಾರ್ಯರು ನಮ್ಮ ಮೇಲುಕೋಟೆಯಲ್ಲಿ ಹನ್ನೆರಡು ವರ್ಷ ಇದ್ದರು ಅನ್ನುತ್ತಾರೆ. ಅದನ್ನು ಸಣ್ಣವರಿದ್ದಾಗಿನಿಂದ ಕೇಳಿದ್ದೆವು. ಅದು ಇನ್ನೂ ಇಬ್ಬರು ಮನುಷ್ಯರ ಕೈಯಲ್ಲಿ ಇದೆ ಅಂತ ಗೊತ್ತಾಗಿದ್ದು ಆ ಸಾಲಿನಲ್ಲಿ.

ಇನ್ನು ನೀವು ಕೇಳಿದ ಖರ್ಚು. ರೈಲು, ಗಾಡಿ, ಊಟ, ಒಂದು ಹೊತ್ತಿನ ರೂಮು ಎಲ್ಲ ಸೇರಿ ತಲೆಗೆ ಎರಡೂವರೆ ಸಾವಿರದೊಳಗೆ ಮುಗಿಯಿತು. ಟಿ-ಶರ್ಟು ಬೇರೆ. ರೈಲು ಟಿಕೆಟ್ ಮೊದಲೇ ಮಾಡಿಸಿ, ಹದಿಮೂರು ಜನಕ್ಕೆ ಕೊನೆ ಗಳಿಗೆಯಲ್ಲಿ ಸಿಗುವುದಿಲ್ಲ. ಬಾಲು ಜಾಸ್ತಿ ಒಯ್ಯಿರಿ, ಉಳಿದವನ್ನು ಅಲ್ಲಿನ ಹುಡುಗರಿಗೇ ಕೊಟ್ಟು ಬನ್ನಿ. ಫೆಬ್ರವರಿ ದಾಟಿಸಬೇಡಿ, ಆಮೇಲೆ ತಿರುಚ್ಚಿಯ ಬಿಸಿಲಲ್ಲಿ ಮರಳಿನ ಮೇಲೆ ಕಾಲಿಡಲು ಆಗುವುದಿಲ್ಲ. ಮೂರೂ ಕಡೆ ಊರಿನವರೊಬ್ಬರ ಪರಿಚಯ ಇಟ್ಟುಕೊಂಡೇ ಹೋಗಿ.

ಶ್ರೀರಂಗದ ಹುಡುಗರ ಜೊತೆ ಈಗಲೂ ಸಂಪರ್ಕ ಇದೆ. ಆ ವರ್ಷ ಮಳೆ ಚೆನ್ನಾಗಿ ಆಯಿತು. ಕೆ.ಆರ್.ಎಸ್. ತುಂಬಿ ಗೇಟು ತೆಗೆದ ದಿನ ನಾವು ಅದರ ವಿಡಿಯೋ ಕಳಿಸಿದೆವು. ಮೆಟ್ಟೂರೂ ತುಂಬಿ ಹೆಚ್ಚಿನ ನೀರು ಕೊಳ್ಳಿಡಂಗೆ ಬಂದ ಮೇಲೆ ಅವರಿಂದ ಒಂದು ಫೋಟೋ ಬಂತು. ದಡದಿಂದ ದಡಕ್ಕೆ ಕೆಂಪು ನೀರು. ಮಧ್ಯದಲ್ಲಿ ಒಂದು ಕಡೆ ಬಾಣದ ಗುರುತು ಹಾಕಿ, ನಮ್ಮ ಟಿ-ಶರ್ಟ್ ನೋಡಿ ಕಲಿತ ಅಕ್ಷರ ಜೋಡಿಸಿ ಕನ್ನಡದಲ್ಲಿ ಬರೆದಿದ್ದರು: "ಪಿಚ್."