ಒಂದೇ ಅಚ್ಚಿನ ಕಲ್ಲುಗಳ ನಡುವೆ ಬೇರೆ ಕಲ್ಲು

ಮುಳಬಾಗಿಲಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಅಲ್ಲಿ ಒಂದೆರಡು ಯುದ್ಧ ಸ್ಮಶಾನ ನೋಡಿದೆ. ಸಾಲು ಸಾಲು ಬಿಳಿ ಕಲ್ಲು, ಎಲ್ಲ ಒಂದೇ ಅಚ್ಚು. ಆದರೆ ಒಂದು ಕಡೆ ಕಲ್ಲುಗಳ ತಲೆ ಚೂಪಾಗಿತ್ತು. ಇನ್ನೊಂದು ಕಡೆ ಏಳು ಕಲ್ಲುಗಳನ್ನು ಸಂದಿಲ್ಲದೆ ಒತ್ತೊತ್ತಾಗಿ ನಿಲ್ಲಿಸಿದ್ದರು. ಇದು ಕೆಲಸದವರ ತಪ್ಪೋ, ಬೇಕಂತಲೇ ಮಾಡಿದ್ದೋ? ನಮ್ಮೂರ ಕೆರೆ ಕಟ್ಟೆಯ ಮೇಲೆ ವಾಲಿರುವ ವೀರಗಲ್ಲು ನೆನಪಾಯಿತು."

ತಪ್ಪಲ್ಲ ಮೇಷ್ಟ್ರೇ, ಬೇಕಂತಲೇ ಮಾಡಿದ್ದು.

ಮೊದಲು ಆ ಒಂದೇ ಅಚ್ಚಿನ ವಿಷಯ. ಬ್ರಿಟಿಷ್ ಸಾಮ್ರಾಜ್ಯದ ಯುದ್ಧ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಒಂದು ಆಯೋಗ ಶುರುವಾಯಿತು. ಈಗಿನ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಅದೇ. ಜನರಲ್ ಆದರೂ, ಸಾಮಾನ್ಯ ಸಿಪಾಯಿ ಆದರೂ ಕಲ್ಲು ಒಂದೇ ಇರಬೇಕು ಅಂತ ಅವರು ತೀರ್ಮಾನಿಸಿದರು. ಎತ್ತರ 2 ಅಡಿ 8 ಅಂಗುಲ, ಅಗಲ 1 ಅಡಿ 3 ಅಂಗುಲ, ದಪ್ಪ 3 ಅಂಗುಲ. ಮಳೆ ನೀರು ನಿಲ್ಲದೆ ಜಾರಲಿ ಅಂತ ತಲೆಗೆ ಸಣ್ಣ ಬಾಗು. ಕಾಸಿದ್ದವರು ಮಗನಿಗೆ ಅಮೃತಶಿಲೆಯ ಮಂಟಪ ಕಟ್ಟುತ್ತೇವೆ ಅಂದರೂ ಒಪ್ಪಲಿಲ್ಲ. ಮನೆಯವರಿಗೆ ಸಿಕ್ಕಿದ್ದು ಕಲ್ಲಿನ ಕೆಳಗೆ 66 ಅಕ್ಷರದಷ್ಟು ಜಾಗ. ಒಬ್ಬ ತಾಯಿ 66 ಅಕ್ಷರದಲ್ಲಿ ಏನು ತಾನೇ ಬರೆದಾಳು, ಅಲ್ವಾ?

ನೀವು ಕಂಡ ಚೂಪು ತಲೆಯ ಕಲ್ಲುಗಳು ಪೋಲೆಂಡಿನವರದ್ದು ಇರಬೇಕು. 1939ರಲ್ಲಿ ಅವರ ದೇಶ ಶತ್ರುಗಳ ಕೈಗೆ ಹೋಯಿತು. ಅಲ್ಲಿಂದ ತಪ್ಪಿಸಿಕೊಂಡು ಬಂದ ಸಾವಿರಾರು ಜನ ಬ್ರಿಟನ್ ನೆಲದಿಂದ ಹೋರಾಡಿ ಸತ್ತರು. ಊರಿಗೆ ಮರಳಲಾಗದವರಿಗೆ ಕಲ್ಲಾದರೂ ತಮ್ಮದೇ ಆಕಾರದ್ದು ಸಿಕ್ಕಿತು. ಫ್ರಾನ್ಸಿನ ಸೈನಿಕ ಸ್ಮಶಾನಗಳಲ್ಲೂ ಹೀಗೆಯೇ. ಶಿಲುಬೆಗಳ ನಡುವೆ ಮುಸ್ಲಿಂ ಸೈನಿಕರ ಕಲ್ಲುಗಳು ಮಸೀದಿಯ ಕಮಾನಿನ ಆಕಾರದಲ್ಲಿವೆ. ಇನ್ನು ಮೊದಲ ಮಹಾಯುದ್ಧದ ರಣರಂಗವಾಗಿದ್ದ ಟರ್ಕಿಯ ಗ್ಯಾಲಿಪೊಲಿಯಲ್ಲಿ ಮಣ್ಣು ಸಡಿಲ. ಎತ್ತರದ ಕಲ್ಲು ನಿಲ್ಲುವುದಿಲ್ಲ. ಅಲ್ಲಿ ನೆಲಕ್ಕೆ ಅಂಟಿದಂಥ ಗಿಡ್ಡ ಕಲ್ಲು.

ಆ ಏಳು ಕಲ್ಲುಗಳ ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ವಿಮಾನದಲ್ಲಿ ಸಾಮಾನ್ಯವಾಗಿ ಏಳು ಜನ ಇರುತ್ತಿದ್ದರು. ವಿಮಾನ ಬಿದ್ದು ಸುಟ್ಟುಹೋದರೆ ಯಾರ ದೇಹ ಯಾವುದು ಅಂತ ಬೇರೆ ಮಾಡಲು ಆಗುತ್ತಿರಲಿಲ್ಲ. ಎಲ್ಲರನ್ನೂ ಒಟ್ಟಿಗೆ ಹೂಳುತ್ತಿದ್ದರು. ಕಲ್ಲುಗಳನ್ನೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸುತ್ತಿದ್ದರು. ನೀವು ಕಂಡದ್ದು ಅಂಥ ಒಂದು ತಂಡವೇ ಇರಬಹುದು.

ನಮ್ಮವರ ಕಲ್ಲುಗಳೂ ಇವೆ. ಹಿಂದೂ ಸೈನಿಕರ ಕಲ್ಲಿನ ಮೇಲೆ ನಾಗರಿ ಲಿಪಿಯಲ್ಲಿ 'ಓಂ ಭಗವತೇ ನಮಃ' ಎಂದಿರುತ್ತದೆ. ಸಿಖ್ಖರಿಗೆ ಗುರುಮುಖಿ, ಮುಸ್ಲಿಮರಿಗೆ ಅರಬ್ಬಿ. ಇಷ್ಟು ಗಮನವಿಟ್ಟವರೇ ಇನ್ನೊಂದು ಕಡೆ ಮಾತು ತಪ್ಪಿದರು. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರಿದೆ, ಭಾರತೀಯ ಅಧಿಕಾರಿಗಳ ಹೆಸರೂ ಇದೆ. ಭಾರತದ ಸಾಮಾನ್ಯ ಸಿಪಾಯಿಗಳನ್ನು ಮಾತ್ರ ಇನ್ನು ಇಷ್ಟು ಜನ ಅಂತ ಎಣಿಸಿ ಬಿಟ್ಟರು. ಆಯೋಗವೇ 2021ರಲ್ಲಿ ತನಿಖಾ ವರದಿ ಹೊರತಂದು ಕ್ಷಮೆ ಕೇಳಿತು. ಮೊದಲ ಮಹಾಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಜನರನ್ನು ಹೆಸರು ಹಿಡಿದು ನೆನೆದಿಲ್ಲ ಅಥವಾ ನೆನೆದೇ ಇಲ್ಲ ಅಂತ ಆ ವರದಿ ಹೇಳುತ್ತದೆ. ಇವರಲ್ಲಿ ಹೆಚ್ಚಿನವರು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರು.

ಇದನ್ನು ಓದಿದಾಗೆಲ್ಲ ನನಗೆ ಆತಕೂರಿನ ಕಲ್ಲು ನೆನಪಾಗುತ್ತದೆ. ಮಂಡ್ಯ ಜಿಲ್ಲೆಯದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರು ಹತ್ತನೇ ಶತಮಾನದ ಆ ಕಲ್ಲಿನಲ್ಲಿದೆ. ನಾಯಿಯ ಹೆಸರನ್ನೂ ಮರೆಯದ ನಾಡಿನ ಮಕ್ಕಳು ಬಸ್ರಾದಲ್ಲಿ ಬರೀ ಲೆಕ್ಕವಾದರಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮೂರ ಕಲ್ಲಿಗೆ ಬರೋಣ. ನಮ್ಮ ಕೋಲಾರದ ಕಡೆ ವೀರಗಲ್ಲುಗಳು ಜಾಸ್ತಿ. ಒಂದರಂತೆ ಇನ್ನೊಂದಿಲ್ಲ. ಆದರೂ ಒಂದು ಕ್ರಮ ಇದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ. ಅಲ್ಲಿ ದನಗಳಿದ್ದರೆ ಅದು ತುರುಗಾಳಗ, ಊರ ದನ ಬಿಡಿಸಲು ಹೋಗಿ ಸತ್ತವನ ಕಲ್ಲು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಪಕ್ಕದಲ್ಲಿ ಸೂರ್ಯ, ಚಂದ್ರ. ಪಟ್ಟಿಗಳ ನಡುವಿನ ಅಂಚಿನಲ್ಲಿ ಅಕ್ಷರ ಇದ್ದರೆ ಹೆಸರು ಸಿಗಬಹುದು. ಅವನ ಮನೆಯವರಿಗೆ ಬಿಟ್ಟುಕೊಟ್ಟ ನೆತ್ತರುಗೊಡಗೆ ಭೂಮಿಯ ವಿವರವೂ ಇರಬಹುದು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದೇ. ಅದರಲ್ಲಿ ನಿಮ್ಮೂರಿನ ಹೆಸರು ಹುಡುಕುವ ಕೆಲಸ ನನಗೆ ಬಿಡಿ.

ನೀವು ಫೋಟೋ ಕಳಿಸಿ. ಬೆಳಿಗ್ಗೆ ಏಳರ ಹೊತ್ತಿಗೆ ತೆಗೆಯಿರಿ. ಬಿಸಿಲು ಓರೆಯಾಗಿ ಬಿದ್ದರೆ ಸವೆದ ಅಕ್ಷರವೂ ಕಾಣುತ್ತದೆ. ಸೀಮೆಸುಣ್ಣ ಬಳಿಯಬೇಡಿ, ಕಬ್ಬಿಣದ ಬ್ರಷ್ ಹಾಕಿ ಉಜ್ಜಬೇಡಿ. ಪಾಚಿ ಇದ್ದರೆ ಹಾಗೇ ಇರಲಿ. ವಾಲಿದ ಕಲ್ಲನ್ನು ನೆಟ್ಟಗೆ ನಿಲ್ಲಿಸುವ ಮುಂಚೆ ಮಣ್ಣಿನೊಳಗೆ ಹೂತಿರುವ ಭಾಗದಲ್ಲೂ ಬರಹ ಇದೆಯಾ ನೋಡಿಸಿ.